ಬಸ್ರೂರು: ಅಕ್ಕಿಮುಡಿಯ ಬಂದರು

ಕುಂದಾಪುರದಿಂದ ಕೆಲವೇ ಮೈಲಿ ಒಳಗೆ, ವಾರಾಹಿ ನದಿಯ ದಂಡೆಯಲ್ಲಿರುವ ಬಸ್ರೂರಿನಿಂದ ಕಡಲು ಕಾಣುವುದಿಲ್ಲ. ಆದರೂ ಪೋರ್ಚುಗೀಸರ ಬರಹಗಳಲ್ಲಿ ಮತ್ತೆಮತ್ತೆ ಬರುವ ‘ಬಾರ್ಸೆಲೋರ್’ ಬಂದರು ಇದೇ. ಕರಾವಳಿಯ ಬಂದರುಗಳ ಕಥೆಯನ್ನು ಕಾಳುಮೆಣಸಿನ ಕಥೆಯಾಗಿಯೇ ಹೇಳುವುದು ರೂಢಿ. ಬಸ್ರೂರಿನ ಮಟ್ಟಿಗೆ ಆ ರೂಢಿ ದಾರಿ ತಪ್ಪಿಸುತ್ತದೆ. ಈ ಊರನ್ನು ಬೆಳೆಸಿದ್ದು ಸುತ್ತಲಿನ ಗದ್ದೆಗಳ ಅಕ್ಕಿ. 16ನೇ ಶತಮಾನದ ಆರಂಭದಲ್ಲಿ ಈ ಕರೆಯನ್ನು ವರ್ಣಿಸಿದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಬಾರ್ಕೂರು, ಬಸ್ರೂರುಗಳ ಹೆಸರೆತ್ತಿದೊಡನೆ ಹೇಳುವುದು ಅಕ್ಕಿಯ ಮಾತನ್ನೇ. ಗೋವೆಯ ಪೋರ್ಚುಗೀಸರ ಊಟ ನಡೆಯುತ್ತಿದ್ದುದೂ ಬಹುಮಟ್ಟಿಗೆ ಕೆನರಾದ, ಅಂದರೆ ಈ ಕರಾವಳಿಯ, ಅಕ್ಕಿಯಿಂದ. ಘಟ್ಟದ ಮೆಣಸೂ ಇಳಿಯುತ್ತಿತ್ತಲ್ಲ ಎಂದು ಕೇಳಬಹುದು. ಇಳಿಯುತ್ತಿತ್ತು, ನಿಜ. ಆದರೆ ಈ ಕರಾವಳಿಯನ್ನು ಕೆಳದಿಯ ನಾಯಕರು ಆಳಿದ ಕಾಲದಲ್ಲಿ ಮೆಣಸಿನ ಚೌಕಾಸಿ ಅರಮನೆಯೊಡನೆ ನಡೆಯುತ್ತಿತ್ತು. ಅಕ್ಕಿಯದು ಊರಿನ ಸೆಟ್ಟಿಗಳೊಡನೆ. ಅದಕ್ಕೂ ಹಿಂದೆ, ಬಸ್ರೂರಿನ ವಿಜಯನಗರ ಕಾಲದ ಶಾಸನಗಳಲ್ಲೂ, ಪಡುವಕೇರಿ, ಮೂಡುಕೇರಿಗಳ ಹಲರು, ನಖರ, ಹಂಜಮಾನ ಎಂಬ ಊರಿನ ವರ್ತಕ ಕೂಟಗಳ ಹೆಸರುಗಳು ಕಾಣುತ್ತವೆ. ಹಂಜಮಾನವೆಂದರೆ ಮುಸ್ಲಿಂ ವರ್ತಕರ ಕೂಟ. ಅದೂ ಊರಿನ ವ್ಯವಹಾರದಲ್ಲಿ ಪಾಲು ಹೊಂದಿತ್ತೆಂಬುದನ್ನು ನಾವು ಮರೆಯಬಾರದು.

ಪೋರ್ಚುಗೀಸರು 1569ರಲ್ಲಿ ಬಂದು ಕೋಟೆ ಕಟ್ಟಿದರು, 1665ರ ಫೆಬ್ರವರಿಯಲ್ಲಿ ಶಿವಾಜಿ ನೌಕಾಪಡೆಯೊಡನೆ ಬಂದು ಸೂರೆ ಮಾಡಿದ, ಅಲ್ಲಿಗೆ ಊರು ಮುಗಿಯಿತು ಎನ್ನುವವರಿದ್ದಾರೆ. ಕಾಲಕ್ರಮವೇ ಇದನ್ನು ಒಪ್ಪುವುದಿಲ್ಲ. ಕೋಟೆ ಎದ್ದು ಅರ್ಧ ಶತಮಾನವಾದ ಮೇಲೆ, 1623ರಲ್ಲಿ, ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಇಲ್ಲಿಗೆ ಬಂದ. ಕೆಳಗೆ ಪೋರ್ಚುಗೀಸರ ಬಾರ್ಸೆಲೋರ್, ಮೇಲೆ ಕೆಳದಿಯ ವೆಂಕಟಪ್ಪ ನಾಯಕನ ಆಳ್ವಿಕೆಯ ಬಾರ್ಸೆಲೋರ್ ಎಂದು ಎರಡನ್ನೂ ಆತ ಬೇರ್ಪಡಿಸಿ ಬರೆದ. ಕೋಟೆ ನದಿಯ ಬಾಯಿಗೆ ಕಾವಲು ಕೂತಿತ್ತು, ಪೇಟೆ ಮಾತ್ರ ತನ್ನ ಜಾಗದಲ್ಲೇ ಇತ್ತು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಆ ಕೋಟೆಯನ್ನೂ ಕಿತ್ತುಕೊಂಡ. ಅದಾಗಿ ಹತ್ತು ವರ್ಷ ಕಳೆದ ಮೇಲೂ ಶಿವಾಜಿ ಮಾಲವಣದಿಂದ ಇಷ್ಟು ದೂರ ಹಡಗು ನಡೆಸಿದನೆಂದರೆ, ಊರಿನಲ್ಲಿ ಸೂರೆಗೆ ತಕ್ಕ ಸಂಪತ್ತು ಇನ್ನೂ ಇತ್ತೆಂದೇ ಅರ್ಥ.

ಒಂದು ದಾಳಿಯ ನಷ್ಟವನ್ನು ವರ್ತಕರು ಎರಡು ಸುಗ್ಗಿಯಲ್ಲಿ ತುಂಬಿಕೊಂಡಾರು. ವಹಿವಾಟು ಜಾಗ ಬಿಟ್ಟು ಹೋದರೆ ತುಂಬಿಕೊಳ್ಳಲಾಗದು. ನನಗೆ ಕಾಣುವಂತೆ ಬಸ್ರೂರಿಗೆ ಆದದ್ದು ಇದೇ. ಸರಕಿನ ಹಡಗುಗಳಾದ ಮಂಜಿಗಳಿಗೆ ನದಿಯ ಬಾಯಲ್ಲಿರುವ ಕುಂದಾಪುರ, ಗಂಗೊಳ್ಳಿಗಳೇ ಅನುಕೂಲವಾದವು. 1799ರ ನಂತರ ಕೆನರಾ ಬ್ರಿಟಿಷರ ಕೈಸೇರಿ ಅಧಿಕಾರವೂ ವ್ಯಾಪಾರವೂ ಮಂಗಳೂರಿನತ್ತ ವಾಲಿದವು. ಹೀಗಿದ್ದೂ ಬಸ್ರೂರಿನ ಪರಂಪರೆಯನ್ನು ಉಳಿಸುವ ಮಾತು ಬಂದಾಗಲೆಲ್ಲ ಕೋಟೆಯ ಕಲ್ಲು ಹುಡುಕುತ್ತೇವೆ. ಹಲರು ಸೇರಿ ತೀರ್ಮಾನಿಸಿದ್ದನ್ನು ಕೊರೆದ ಶಾಸನಕಲ್ಲುಗಳಿಗೆ ಮೊದಲು ನೆರಳು ಬೇಕು. ದೇವಸ್ಥಾನಗಳ ಅಂಗಳದಲ್ಲಿ ಅವು ಮಳೆಗೆ ಸವೆಯುತ್ತಿವೆ.