ಪಡಸಾಲಿ ಫರಸಿ

ನೋಡ್ರೆವ್ವಾ, ಮನಿ ರಿಪೇರಿಗೆ ಕೈ ಹಚ್ಚೀವಿ. ಪಡಸಾಲಿ ಫರಸಿ ಕಿತ್ತು ಟೈಲ್ಸ್ ಹಾಕಸೋಣಂತ ಮಗ ಅಂದ. ನಾ ಒಪ್ಪಲಿಲ್ಲ.

ಇದು ನಮ್ಮ ಶಹಾಬಾದ ಕಲ್ಲು. ಗಣಿಯೊಳಗ ಪದರ ಪದರಾಗಿ ಕೂತಿರೋ ಸುಣ್ಣದಕಲ್ಲು. ಅದಕ್ಕೇ ಉಳಿ-ಸುತ್ತಿಗಿ ಹಚ್ಚಿ ಹಲಗಿಯಂಗ ಬಿಡಿಸಿ ತೆಗೀತಾರ. 1871ರ ಹೊತ್ತಿಗೆ ಸೊಲ್ಲಾಪುರ-ರಾಯಚೂರು ರೈಲು ಹಾದಿ ಆತು, 1874ಕ್ಕ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲೂ ಬಂತು. ಇಷ್ಟು ಭಾರದ ಕಲ್ಲು ದೂರದೂರಿಗೆ ಹೋಗೋದು ಸಲೀಸಾತು. ಈಗ ವಾಡಿ, ಸೇಡಂದಾಗ ಸುಣ್ಣದಕಲ್ಲು ಸುಟ್ಟು ಸಿಮೆಂಟ ಮಾಡ್ತಾರ. ಅದೇ ಸಿಮೆಂಟ ತಂದು ಫರಸಿ ಮುಚ್ಚೋದೇನು?

ಎಬ್ಬಿಸುವಾಗ ಮೂರು ಫರಸಿ ಒಡದ್ವು. ಹೊಸಾ ಪಾಲಿಶ್ ಕಲ್ಲು ಜೋಡಿ ಆಗಲಿಲ್ಲ. ಚಿತ್ತಾಪುರದಾಗ ಕೆಡವಿದ ಹಳೇ ಮನಿಯಿಂದ ತಂದು ಕೂಡಿಸಿದ್ವಿ. ಅವ್ವ ಬೀಸ್ಲಾಕ ಕೂಡ್ತಿದ್ದ ಕಲ್ಲು ಸವದದ. ಗೌಂಡಿ ಹೊಳ್ಳಿ ಹಾಕ್ತೀನಂದ. ಬ್ಯಾಡಪ್ಪಾ, ಹಂಗೇ ಇರಲಿ ಅಂದೆ.