ಉಣ್ಣಿ, ಚಿಗಟ ಮತ್ತು ಹೆಸರು ಸಿಗದ ಜ್ವರ

ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕೆಂಬುದನ್ನು ನಮ್ಮ ಹಿರಿಯರು ಅನುಭವದಿಂದಲೇ ಕಲಿತರು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ಇಳಿಯಿತು. ರೋಗಾಣುವನ್ನು ವಿಜ್ಞಾನಿ ಯರ್ಸಿನ್ 1894ರಲ್ಲೇ ಗುರುತಿಸಿದ್ದರು. ಅದು ಇಲಿಯಿಂದ ಮನುಷ್ಯನಿಗೆ ದಾಟುವುದು ಚಿಗಟದ ಮೂಲಕ ಎಂದು 1898ರಲ್ಲಿ ಕರಾಚಿಯಲ್ಲಿ ವೈದ್ಯ ಸೀಮೊಂಡ್ ತೋರಿಸಿದಾಗ ನಂಬಿದವರು ಕಡಿಮೆ. 1905ರ ನಂತರ ಮುಂಬಯಿಯ ಸಂಶೋಧಕರು ಖಚಿತಪಡಿಸಿದ ಮೇಲಷ್ಟೇ ಜಗತ್ತು ಒಪ್ಪಿತು. ಪ್ಲೇಗಿನ ಗಂಟು ಕಣ್ಣಿಗೆ ಕಾಣುತ್ತಿತ್ತು, ಸರ್ಕಾರಕ್ಕೂ ಭಯವಿತ್ತು. ಹಾಗಾಗಿ ಸಾವುಗಳ ಲೆಕ್ಕ ಉಳಿಯಿತು.

ಉಣ್ಣಿ ಜ್ವರಕ್ಕೆ ಆ ಭಾಗ್ಯ ಬರಲಿಲ್ಲ. ಕುಮಾವೂಂ ಬೆಟ್ಟಗಳಲ್ಲಿ ಉಣ್ಣಿ ಕಚ್ಚಿ ಮಲಗಿದ ವೈದ್ಯ ಮೆಗಾ 1917ರಲ್ಲಿ ತಮ್ಮ ಜ್ವರವನ್ನೇ ಬರೆದಿಟ್ಟರು. ಇದಕ್ಕೆ ಕಾರಣವಾದ ರಿಕೆಟ್ಸಿಯಾ ಜೀವಕೋಶದ ಒಳಗೇ ಬೆಳೆಯುವ ಬ್ಯಾಕ್ಟೀರಿಯಾ. ಸಾಮಾನ್ಯ ಕಲ್ಚರಿನಲ್ಲಿ ಸಿಗುವುದಿಲ್ಲ. 1916ರ ವೈಲ್-ಫೆಲಿಕ್ಸ್ ಪರೀಕ್ಷೆ ಬೇರೊಂದು ಬ್ಯಾಕ್ಟೀರಿಯಾವನ್ನು ಬಳಸಿ ಇದರ ಸುಳಿವು ಹುಡುಕುತ್ತದೆ. ಅಗ್ಗವಾದರೂ ಎಷ್ಟೋ ರೋಗಿಗಳನ್ನು ಪತ್ತೆಹಚ್ಚದೆ ಬಿಡುತ್ತದೆ. ಈಗ ಎಲೈಸಾ, ಪಿಸಿಆರ್ ಇವೆ. ಆದರೆ ಎಲೈಸಾ ಹುಡುಕುವ ಪ್ರತಿಕಾಯವೇ ಮೊದಲ ವಾರದಲ್ಲಿ ಸಾಮಾನ್ಯವಾಗಿ ಮೂಡಿರುವುದಿಲ್ಲ. ಎರಡು ಬಾರಿ ರಕ್ತ ತೆಗೆದು ಪ್ರತಿಕಾಯ ನಾಲ್ಕು ಪಟ್ಟು ಏರಿದ್ದನ್ನು ತೋರಿಸುವುದೇ ಗಟ್ಟಿ ಸಾಕ್ಷಿ. ಗುಣವಾಗಿ ಮನೆಗೆ ಹೋದ ಮಗುವನ್ನು ಎರಡನೆಯ ಸಲ ಸೂಜಿ ಚುಚ್ಚಿಸಲು ಯಾರು ಕರೆತರುತ್ತಾರೆ?

ಆದ್ದರಿಂದ ನನ್ನ ಮಟ್ಟಿಗೆ ಕಣ್ಣು, ಕಿವಿಗಳೇ ಇಂದಿಗೂ ಮೊದಲ ಪರೀಕ್ಷೆ. ಐದು ದಿನದ ಜ್ವರ, ತಲೆನೋವು. ಅಂಗೈ, ಅಂಗಾಲಿನಲ್ಲೂ ಕೆಂಪು ಗುಳ್ಳೆ. ಮಗುವಿನ ಕಾಲನ್ನು ಬೆಳಕಿಗೆ ಹಿಡಿದು ಅಂಗಾಲು ನೋಡಬೇಕು. ಕಿವಿಯ ಹಿಂದೆ, ಕಂಕುಳು, ತೊಡೆಸಂದು ಬಿಡಿಸಿ ನೋಡಬೇಕು. ನುಸಿಯಿಂದ ಬರುವ ಸ್ಕ್ರಬ್ ಟೈಫಸ್ಸಿನಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಾಣಬಹುದು. ನಮ್ಮ ಉಣ್ಣಿ ಜ್ವರದಲ್ಲಿ ಅದು ಅಪರೂಪ. ಇಲಿ ಚಿಗಟದ ಟೈಫಸ್ಸಿಗೆ ಇಂಥ ಗುರುತೂ ಇಲ್ಲ. ಇಷ್ಟು ನೋಡದೆ ವಿಡಾಲ್ ರಕ್ತಪರೀಕ್ಷೆ ಮಾಡಿಸಿ ಟೈಫಾಯ್ಡ್ ಎಂದರೆ, ಟೈಫಾಯ್ಡಿನ ಹಲವು ಔಷಧಿಗಳಿಗೆ ಈ ಜ್ವರ ಬಗ್ಗುವುದಿಲ್ಲ. ಡಾಕ್ಸಿಸೈಕ್ಲಿನ್ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ತಡವಾದರೆ ಬೆರಳ ತುದಿ, ಕಿವಿಯ ಅಂಚು ಕಪ್ಪಾಗಿ ಕೊಳೆಯುವುದೂ ಉಂಟು.

ನಮ್ಮ ಬೆಳಗಾವಿ ಜಿಲ್ಲೆಯ ರಾಯಬಾಗ, ಅಥಣಿಯ ಕುರಿಹಟ್ಟಿ, ಚಿಕ್ಕೋಡಿಯ ಕಬ್ಬಿನ ಗದ್ದೆ, ದನದ ಕೊಟ್ಟಿಗೆ, ಹಿತ್ತಲಿನ ನಾಯಿ: ಉಣ್ಣಿಗೆ, ಇಲಿಗೆ ಬೇಕಾದದ್ದೆಲ್ಲ ಇಲ್ಲಿದೆ. ದಾಖಲೆಯ ತೊಡಕು ಮಾತ್ರ ಮಹಾರಾಷ್ಟ್ರದ ಗಡಿಯದು. ಕಾಗವಾಡದವರಿಗೆ ಬೆಳಗಾವಿಗಿಂತ ಮಿರಜ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಹಾಪುರ. ಜ್ವರ ಹತ್ತುವುದು ಇಲ್ಲಿ, ಕಾಗದ ಉಳಿಯುವುದು ಅಲ್ಲಿ. ಕೇಸ್ ಪೇಪರಿನಲ್ಲಿ ಊರು, ತಾಲೂಕು, ಕಸುಬು ಬರೆದರೆ ಅರ್ಧ ಕೆಲಸವಾದಂತೆ.

ಜ್ವರದ ಮಗುವನ್ನು ಎತ್ತಿಕೊಂಡು ಹೋದಾಗ ಡಾಕ್ಟರು ಕೇಳದಿದ್ದರೂ ಮನೆಯ ಕುರಿ, ನಾಯಿ, ಕಿತ್ತೆಸೆದ ಉಣ್ಣಿಯ ಸಂಗತಿಯನ್ನು ನೀವೇ ಹೇಳಿ. ಬರೆದುಕೊಳ್ಳಿ ಎನ್ನಿ.