ಹಂಚಿದ ರೊಟ್ಟಿ, ಹಂಚದ ಸಿರಿ: ಬ್ರೆಜಿಲ್ ದೇಶದ ಚರಿತ್ರೆಯಿಂದ ಒಂದು ಪಾಠ

ಪರಮಪ್ರಸಾದದ ಹಬ್ಬ ಬಂದಾಗಲೆಲ್ಲ ನಾವು ಐದು ರೊಟ್ಟಿ, ಎರಡು ಮೀನುಗಳ ವೃತ್ತಾಂತವನ್ನು ಧ್ಯಾನಿಸುತ್ತೇವೆ. ಅದರಲ್ಲಿ ಒಂದು ಅಂಶ ಎಷ್ಟೋ ಸಲ ನಮ್ಮ ಗಮನಕ್ಕೆ ಬರುವುದಿಲ್ಲ. ಪ್ರಭು ಯೇಸು ಮೊದಲು ರೊಟ್ಟಿಯ ರಾಶಿ ಹಾಕಿ ಆಮೇಲೆ ಹಂಚಲಿಲ್ಲ. ಇದ್ದಷ್ಟನ್ನೇ ಕೈಗೆತ್ತಿಕೊಂಡು, ಪಿತನಿಗೆ ಸ್ತೋತ್ರ ಸಲ್ಲಿಸಿ, ಮುರಿದು ಕೊಟ್ಟರು. ಹಂಚುತ್ತ ಹೋದಂತೆ ಎಲ್ಲರಿಗೂ ಸಾಕಾಯಿತು, ಹನ್ನೆರಡು ಬುಟ್ಟಿ ಉಳಿಯಿತು. ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದ ಒಂದು ದೇಶದ ಚರಿತ್ರೆಯನ್ನು ಈ ಹಬ್ಬದ ಸಂದರ್ಭದಲ್ಲಿ ನೆನೆಯೋಣ. ಅದು ಜಗತ್ತಿನಲ್ಲೇ ಅತಿ ಹೆಚ್ಚು ಕಥೋಲಿಕರಿರುವ ಬ್ರೆಜಿಲ್ ದೇಶ.

1964ರಲ್ಲಿ ಅಲ್ಲಿ ಸೈನ್ಯವು ಅಧಿಕಾರವನ್ನು ಕಸಿದುಕೊಂಡಿತು. 1985ರವರೆಗೂ ಸೈನಿಕ ಆಡಳಿತವೇ ನಡೆಯಿತು. ಈ ಅವಧಿಯಲ್ಲಿ, 1968ರಿಂದ 1973ರವರೆಗೆ, ದೇಶದ ಉತ್ಪಾದನೆ ವರ್ಷಕ್ಕೆ ಸರಾಸರಿ ಶೇಕಡಾ 10ಕ್ಕಿಂತಲೂ ವೇಗವಾಗಿ ಬೆಳೆಯಿತು. ಕಾರು ಕಾರ್ಖಾನೆಗಳು ತಲೆಯೆತ್ತಿದವು. ಅಮೆಜಾನ್ ಕಾಡಿನ ನಡುವೆ ಹೆದ್ದಾರಿಯ ಕೆಲಸ ಆರಂಭವಾಯಿತು. ಲೋಕವೆಲ್ಲ ಇದನ್ನು ‘ಬ್ರೆಜಿಲಿನ ಪವಾಡ’ ಎಂದು ಕೊಂಡಾಡಿತು. ಕೇಕ್ ಮೊದಲು ಉಬ್ಬಲಿ, ಆಮೇಲೆ ಹಂಚೋಣ ಎಂಬ ಮಾತು ಆಗಿನ ಹಣಕಾಸು ಮಂತ್ರಿ ಡೆಲ್ಫಿಂ ನೆಟ್ಟೊ ಅವರ ಹೆಸರಿಗೆ ಅಂಟಿಕೊಂಡಿತು. ತಾವು ಹಾಗೆ ಹೇಳಲಿಲ್ಲವೆಂದು ಅವರು ನಂತರ ನಿರಾಕರಿಸಿದರೂ ಆಡಳಿತದ ನಡೆ ಮಾತ್ರ ಹಾಗೆಯೇ ಇತ್ತು.

ಕೇಕ್ ಉಬ್ಬಿತು. ಆದರೆ ತಟ್ಟೆಗೆ ಬಂದದ್ದೆಷ್ಟು? 1960 ಮತ್ತು 1970ರ ಜನಗಣತಿಗಳನ್ನು ಹೋಲಿಸಿದಾಗ ಉತ್ತರ ದೊರಕಿತು. ದೇಶದ ಆದಾಯವನ್ನು ನೂರು ಪಾಲು ಮಾಡಿದರೆ, ಬಡವರಾದ ಅರ್ಧದಷ್ಟು ಜನರ ಕೈಗೆ ಮೊದಲು ಸುಮಾರು 17 ಪಾಲು ಬರುತ್ತಿತ್ತು; ಹತ್ತು ವರ್ಷಗಳಲ್ಲಿ ಅದು ಸುಮಾರು 15ಕ್ಕೆ ಇಳಿಯಿತು. ಮೇಲ್ತುದಿಯ ಹತ್ತನೇ ಒಂದು ಭಾಗದವರ ಪಾಲು ಸುಮಾರು 40ರಿಂದ 47ಕ್ಕೆ ಏರಿತು. ಕಾರ್ಮಿಕ ಸಂಘಗಳ ಬಾಯಿ ಕಟ್ಟಲಾಗಿತ್ತು. ಬೆಲೆ ಏರಿದಷ್ಟು ಕೂಲಿ ಏರಲಿಲ್ಲ. ಅತ್ಯಂತ ಸಿರಿವಂತ ನಗರವಾದ ಸಾವೊ ಪೌಲೊದಲ್ಲೇ 1960ರ ದಶಕದಲ್ಲಿ ಶಿಶುಮರಣ ತಗ್ಗುವ ಬದಲು ಹೆಚ್ಚಿತು. 1974ರಲ್ಲಿ ಅದೇ ನಗರದಲ್ಲಿ ಮೆದುಳು ಜ್ವರ ಹಬ್ಬಿದಾಗ ಆ ಸುದ್ದಿಯನ್ನು ಪತ್ರಿಕೆಗಳಲ್ಲಿ ಬರದಂತೆ ತಡೆಯಲಾಯಿತು. ಆಗಿನ ರಾಷ್ಟ್ರಾಧ್ಯಕ್ಷ ಮೆಡಿಸಿಯವರೇ ಆರ್ಥಿಕತೆ ಚೆನ್ನಾಗಿದೆ, ಜನರು ಮಾತ್ರ ಚೆನ್ನಾಗಿಲ್ಲ ಎಂದು ಹೇಳಬೇಕಾಯಿತು.

ಧರ್ಮಸಭೆ ಆಗ ಏನು ಮಾಡುತ್ತಿತ್ತು? ಸಂತ ಆರನೇ ಪೌಲರು 1967ರಲ್ಲಿ ‘ಪೊಪುಲೋರುಮ್ ಪ್ರೊಗ್ರೆಸ್ಸಿಯೊ’ ಎಂಬ ವಿಶ್ವಪರಿಪತ್ರದಲ್ಲಿ, ಬರಿಯ ಹಣದ ಬೆಳವಣಿಗೆ ಅಭಿವೃದ್ಧಿಯಲ್ಲ, ಪ್ರತಿಯೊಬ್ಬ ಮನುಷ್ಯನೂ ಇಡಿಯಾಗಿ ಬೆಳೆಯಬೇಕು ಎಂದು ಬೋಧಿಸಿದ್ದರು. ಬರಪೀಡಿತ ಈಶಾನ್ಯ ಬ್ರೆಜಿಲಿನಲ್ಲಿ ಆ ಬೋಧನೆಯನ್ನು ಬಾಳಿ ತೋರಿಸಿದವರು ಒಲಿಂಡಾ ಮತ್ತು ರೆಸಿಫೆಯ ಮಹಾಧರ್ಮಾಧ್ಯಕ್ಷ ಹೆಲ್ಡರ್ ಕಾಮರಾ. ಅವರು ಅರಮನೆಯಂಥ ನಿವಾಸವನ್ನು ತೊರೆದು ಒಂದು ಚಿಕ್ಕ ದೇವಾಲಯದ ಹಿಂಬದಿಯ ಕೋಣೆಗಳಲ್ಲಿ ವಾಸಿಸಿದರು. ಹಸಿದವರಿಗೆ ಅನ್ನ ಕೊಟ್ಟರೆ ಸಾಲದು, ಹಸಿವು ಏಕೆ ಬಂತೆಂದು ಕೇಳಬೇಕು ಎಂದು ಬೋಧಿಸಿದರು. ಅದಕ್ಕೆ ಬೆಲೆ ತೆರಬೇಕಾಯಿತು. ಪತ್ರಿಕೆಗಳಲ್ಲಿ ಅವರ ಹೆಸರು ಬರುವುದು ನಿಂತಿತು. 1969ರಲ್ಲಿ ಅವರ ಜೊತೆ ಯುವಜನರ ಸೇವೆಯಲ್ಲಿದ್ದ ಗುರು ಅಂತೋನಿಯೊ ಹೆನ್ರಿಕ್ ಕೊಲೆಯಾದರು. ಆದರೂ 1973ರಲ್ಲಿ ಈಶಾನ್ಯ ಪ್ರಾಂತ್ಯದ ಧರ್ಮಾಧ್ಯಕ್ಷರು ಮತ್ತು ಧಾರ್ಮಿಕ ಸಭೆಗಳ ಶ್ರೇಷ್ಠರು ಒಟ್ಟಾಗಿ, ಜನರ ಗೋಳನ್ನು ಅಂಕಿಅಂಶಗಳ ಸಮೇತ ಮುಂದಿಟ್ಟ ಪತ್ರವನ್ನು ಹೊರಡಿಸಿದರು.

ಮಾತಿನ ಜೊತೆಗೆ ಕೈಕೆಲಸವೂ ಇತ್ತು. 1964ರಿಂದ ಪ್ರತಿ ತಪಸ್ಸು ಕಾಲದಲ್ಲಿ ಬ್ರೆಜಿಲಿನ ಧರ್ಮಕೇಂದ್ರಗಳೆಲ್ಲ ಒಂದೇ ವಿಷಯವನ್ನು ಹಿಡಿದು ‘ಭ್ರಾತೃತ್ವದ ಅಭಿಯಾನ’ ನಡೆಸುತ್ತ ಬಂದಿವೆ. 1985ರಲ್ಲೂ 2023ರಲ್ಲೂ ಆ ವಿಷಯ ಹಸಿವೇ ಆಗಿತ್ತು. ಇನ್ನು 1983ರಲ್ಲಿ ಮಕ್ಕಳ ವೈದ್ಯೆ ಜಿಲ್ಡಾ ಆರ್ನ್ಸ್ ಅವರು ಪರಾನಾ ರಾಜ್ಯದ ಫ್ಲೊರೆಸ್ಟೊಪೊಲಿಸ್ ಎಂಬ ಊರಿನಲ್ಲಿ ಮಕ್ಕಳ ಸೇವಾಕಾರ್ಯವೊಂದನ್ನು ಆರಂಭಿಸಿದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಕಬ್ಬಿನ ಗದ್ದೆಯಲ್ಲಿ ದಿನಗೂಲಿ ಮಾಡುವವರು. ಹುಟ್ಟಿದ ಸಾವಿರ ಶಿಶುಗಳಲ್ಲಿ 127 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಧರ್ಮಕೇಂದ್ರದ ತಾಯಂದಿರೇ ನೆರೆಮನೆಗಳಿಗೆ ಹೋಗಿ, ಭೇದಿಯಾದ ಮಗುವಿಗೆ ಸಕ್ಕರೆ ಉಪ್ಪು ಬೆರೆಸಿದ ನೀರು ಕುಡಿಸಲು, ಎದೆಹಾಲು ತಪ್ಪಿಸದಿರಲು ಕಲಿಸಿದರು. ತಿಂಗಳಿಗೊಮ್ಮೆ ಎಲ್ಲ ಮಕ್ಕಳ ತೂಕ ನೋಡಿದರು. ಒಂದು ವರ್ಷದಲ್ಲಿ ಸಾವಿನ ಸಂಖ್ಯೆ 28ಕ್ಕೆ ಇಳಿಯಿತೆಂದು ಆರ್ನ್ಸ್ ದಾಖಲಿಸಿದ್ದಾರೆ. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ಇದೇ ಸೇವೆಯನ್ನು ಪರಿಚಯಿಸಲು ಹೋಗಿದ್ದಾಗ ಭೂಕಂಪದಲ್ಲಿ ಅವರು ಪ್ರಾಣ ತೆತ್ತರು.

ಕಾಲಕ್ರಮದಲ್ಲಿ ಸರ್ಕಾರವೂ ಎಚ್ಚೆತ್ತಿತು. 2003ರಲ್ಲಿ ‘ಬೊಲ್ಸಾ ಫಮೀಲಿಯಾ’ ಯೋಜನೆ ಜಾರಿಗೆ ಬಂತು. ಮಕ್ಕಳನ್ನು ಶಾಲೆಗೆ ಕಳಿಸಿ ಲಸಿಕೆ ಹಾಕಿಸುವ ಬಡ ಕುಟುಂಬಕ್ಕೆ ಮಾಸಿಕ ಸಹಾಯಧನ. ಅದು ಹೆಚ್ಚಾಗಿ ತಾಯಿಯ ಕೈಗೇ. ಇದಕ್ಕೆ ತಗುಲಿದ ಖರ್ಚು ದೇಶದ ಉತ್ಪಾದನೆಯ ಪ್ರತಿ ನೂರರಲ್ಲಿ ಸುಮಾರು ಅರ್ಧ ಮಾತ್ರ. ಕೂಲಿಯ ದರವೂ ಏರಿತು. 2014ರಲ್ಲಿ ವಿಶ್ವಸಂಸ್ಥೆಯ ಹಸಿವಿನ ನಕ್ಷೆಯಿಂದ ಬ್ರೆಜಿಲ್ ಹೊರಬಂತು. ಆದರೆ ಕೈ ಹಿಂದೆಗೆದಾಗ ಹಸಿವು ಮರಳಿತು. ಕೊರೊನಾ ಪಿಡುಗಿನ ನಂತರ 2022ರಲ್ಲಿ 3 ಕೋಟಿ 30 ಲಕ್ಷ ಜನ ಹಸಿದಿದ್ದಾರೆಂದು ಅಲ್ಲಿಯ ಸಮೀಕ್ಷೆ ತಿಳಿಸಿತು. ಮತ್ತೆ ಶ್ರಮಪಟ್ಟು 2025ರಲ್ಲಿ ಆ ದೇಶ ಎರಡನೇ ಬಾರಿಗೆ ನಕ್ಷೆಯಿಂದ ಹೊರಬಂದಿದೆ.

ಆತ್ಮೀಯರೇ, ಈ ಚರಿತ್ರೆ ನಮಗೆ ಹೇಳುವುದಿಷ್ಟು: ಸಿರಿ ಬೆಳೆದ ಮೇಲೆ ತಾನಾಗಿಯೇ ಬಡವರ ಮನೆಗೆ ಹರಿದುಬರುವುದಿಲ್ಲ. ಧನವಂತನ ಮೇಜಿನಲ್ಲಿ ಪ್ರತಿದಿನ ಮೃಷ್ಟಾನ್ನವಿತ್ತು, ಬಾಗಿಲಲ್ಲಿ ಲಾಜರನೂ ಪ್ರತಿದಿನ ಬಿದ್ದಿದ್ದ. ‘ಆಮೇಲೆ ಹಂಚೋಣ’ ಎಂದು ಮುಂದೂಡಿದ ವರ್ಷಗಳಲ್ಲಿ ಸತ್ತ ಕೂಸುಗಳು ಯಾವ ಬೆಳವಣಿಗೆಯಿಂದಲೂ ಮರಳಿ ಬರಲಿಲ್ಲ.

ನಮ್ಮ ದೇಶವೂ ವೇಗವಾಗಿ ಬೆಳೆಯುತ್ತಿದೆ, ನಮ್ಮ ಮನೆಗಳಲ್ಲೂ ಅನುಕೂಲಗಳು ಹೆಚ್ಚಿವೆ. ಹಬ್ಬದ ಬಲಿಪೂಜೆಯಲ್ಲಿ ನಾವೆಲ್ಲ ಒಂದೇ ರೊಟ್ಟಿಯಲ್ಲಿ ಪಾಲು ಪಡೆಯುತ್ತೇವೆ. ಅದೇ ಪೀಠದೆದುರು ನಮ್ಮ ಪಕ್ಕದಲ್ಲಿ ನಿಂತ ದಿನಗೂಲಿಯ ಸಹೋದರನ ಮನೆಯಲ್ಲಿ ಒಲೆ ಹೊತ್ತಿದೆಯೇ, ಆ ಮನೆಯ ಮಗು ಶಾಲೆಗೆ ಹೋಗುತ್ತಿದೆಯೇ, ಅದರ ತೂಕ ಸರಿಯಾಗಿದೆಯೇ ಎಂದು ವಿಚಾರಿಸುವುದು ಆ ಪೂಜೆಯ ಮುಂದುವರಿಕೆಯೇ ಆಗಿದೆ. ಫ್ಲೊರೆಸ್ಟೊಪೊಲಿಸಿನ ತಾಯಂದಿರ ಬಳಿ ಇದ್ದದ್ದು ಒಂದು ತಕ್ಕಡಿ, ಒಂದಿಷ್ಟು ಸಕ್ಕರೆ, ಉಪ್ಪು. ನಮ್ಮ ಕೈಯಲ್ಲಿರುವ ಐದು ರೊಟ್ಟಿಯನ್ನು ಇಂದೇ ಮುರಿಯುವ ಮನಸ್ಸನ್ನು ಪ್ರಭು ನಮಗೆ ಅನುಗ್ರಹಿಸಲಿ.